ಕೈ ಮುಗಿಯುವ ನಾಯಿಯ ಟೊಂಕ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಸ್ಕಾರ ಇದ್ದದ್ದು ನಾಯಿಗೆ. ಇದು ನನ್ನ ಮಾತಲ್ಲ, ಅವ್ವನ ಮಾತು. ಇದನ್ನು ಹೇಳುವಾಗ ಆಕೆ ನಾಯಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ನಾವು ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿ, ಮೆಣಸಿನಕಾಯಿ ವ್ಯಾಪಾರ ಮಾಡುವ ಮಂದಿ. ಮನೆ ಇರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ನನ್ನ ಮಗಳು ಕಾಲೇಜಿನಲ್ಲಿದ್ದಾಗ ಒಂದು ದಿನ ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಲ್ಯಾಬ್ರಡಾರ್ ಮರಿಯೊಂದನ್ನು ತಂದಳು. "ನಾಯಿ ಹೊಸ್ತಲಾ ದಾಟಿ ಒಳಗ ಬರಂಗಿಲ್ಲ" ಎಂದು ಅವ್ವ ತೀರ್ಪು ಕೊಟ್ಟಳು. ಆ ತೀರ್ಪು ಸಂಜೆಯವರೆಗೆ ಬಾಳಿತು. ಮಗಳು ಮರಿಗೆ ಒಂದು ಇಂಗ್ಲಿಷ್ ಹೆಸರಿಟ್ಟಳು. ಅದು ಅವ್ವನ ಬಾಯಲ್ಲಿ ತಿರುಗಲಿಲ್ಲ. ಆಕೆ ಅದನ್ನು "ತಮ್ಮಾ" ಎಂದು ಕರೆದಳು, ನಾಯಿಯೂ ಅದಕ್ಕೇ ಓಗೊಟ್ಟಿತು.

ನಮ್ಮ ಮನೆಗೆ ಬಂದವರಿಗೆ ಮೊದಲು ಕೈ ಮುಗಿಯುವುದು, ಆಮೇಲೆ ನೀರು, ಆಮೇಲೆ ಚಹಾ. ಅವ್ವನ ರಾಜ್ಯದಲ್ಲಿ ಈ ಕ್ರಮ ತಪ್ಪುವಂತಿಲ್ಲ. ಮನೆಯಲ್ಲಿ ಉಣ್ಣುವವರೆಲ್ಲ ಮನೆಯ ರೀತಿಯಂತೆ ನಡೆಯಬೇಕು, ನಾಯಿಯಾದರೇನು ಎಂದು ಆಕೆ ನಿಶ್ಚಯಿಸಿದಳು. ಬೆಣ್ಣೆ ಹಚ್ಚಿದ ರೊಟ್ಟಿಯ ಚೂರನ್ನು ಎರಡು ಅಂಗೈ ನಡುವೆ ಹಿಡಿದು ಎದೆಯ ಮುಂದೆ ತಂದರೆ, ಅದು ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿತ್ತು. ಮುಂಗಾಲು ಎರಡನ್ನೂ ಕೂಡಿಸಿದರೆ ಚೂರು ಬಾಯಿಗೆ. ಸ್ವಲ್ಪ ದಿನಕ್ಕೆ ರೊಟ್ಟಿಯೂ ಬೇಕಾಗಲಿಲ್ಲ, ಎರಡು ಅಂಗೈ ಕೂಡಿದ್ದು ಕಂಡರೆ ಸಾಕು, ನಮ್ಮ ನಾಯಿ ಎದ್ದು ನಿಂತು ಕೈ ಮುಗಿಯುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ನಾನು ಚಪ್ಪಾಳೆ ತಟ್ಟಿ ಸೊಳ್ಳೆ ಹೊಡೆದರೂ ಎದ್ದು ನಿಂತು ನನಗೊಂದು ನಮಸ್ಕಾರ ಹಾಕುತ್ತಿತ್ತು. ಮನೆಯಲ್ಲಿ ಅಷ್ಟು ಮರ್ಯಾದೆ ನನಗೆ ಬೇರೆ ಯಾರಿಂದಲೂ ಸಿಕ್ಕಿಲ್ಲ.

ಓಣಿಯವರು ಯಾರೋ ಅದರ ವಿಡಿಯೋ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರು. "ಇಂದಿನ ಪೀಳಿಗೆ ಈ ಮೂಕಪ್ರಾಣಿಯನ್ನು ನೋಡಿ ಕಲಿಯಲಿ" ಎಂದು ಕೆಳಗೆ ಬರೆದಿದ್ದರು. ಇಡೀ ದಿನ ಹೂವು, ದೀಪ, ಕೈ ಮುಗಿದ ಚಿತ್ರ. ಅದೇ ಗುಂಪಿನಲ್ಲಿ ಹಿಂದಿನ ವಾರ ಗಟಾರದ ವಿಷಯಕ್ಕೆ ಹಿರಿಯರಿಬ್ಬರು ಒಬ್ಬರ ಮನೆತನವನ್ನು ಇನ್ನೊಬ್ಬರು ಎತ್ತಿ ಆಡಿದ್ದರು. ಅವರೂ ಸಂಸ್ಕಾರದ ಬಗ್ಗೆ ಒಳ್ಳೆಯ ಮಾತು ಬರೆದರು.

ನಾಯಿಯ ನಡಿಗೆ ಯಾವಾಗ ಕೆಟ್ಟಿತೋ ನಮಗೆ ತಿಳಿಯಲಿಲ್ಲ. ಓಡುವಾಗ ಎರಡೂ ಹಿಂಗಾಲು ಕೂಡಿಸಿ ಮೊಲದ ಹಾಗೆ ಜಿಗಿಯುತ್ತಿತ್ತು, ನಾವು ನಕ್ಕೆವು. ಮಲಗಿದಲ್ಲಿಂದ ಏಳಲು ತಡ ಮಾಡುತ್ತಿತ್ತು, ಮಾಲೀಕನ ಗುಣ ಬಂದಿದೆ ಎಂದು ಹೆಂಡತಿ ಅಂದಳು. ಒಂದು ಮುಂಜಾನೆ ಅವ್ವ ದೇವರ ಮನೆಯಿಂದ ಹೊರಬಂದಾಗ ಅದು ಏಳಲು ಹೋಗಿ ನಡುಮನೆಯ ಕನ್ನಡಿಯಂಥ ಗ್ರಾನೈಟ್ ಮೇಲೆ ಹಿಂಗಾಲು ಜಾರಿಸಿ ಕುಸಿಯಿತು. ಮತ್ತೆ ಎದ್ದಿತು, ಮತ್ತೆ ಕುಸಿಯಿತು. ಆಮೇಲೆ ಏಳುವುದನ್ನು ಬಿಟ್ಟು, ತಪ್ಪು ಮಾಡಿದವರ ಹಾಗೆ ಬಾಲವನ್ನಷ್ಟೇ ನೆಲಕ್ಕೆ ಬಡಿಯಿತು. ಅವ್ವ ಅಲ್ಲೇ ಕೂತಳು. ಆ ದಿನ ನಾನು ಅಂಗಡಿಗೆ ಹೋಗಲಿಲ್ಲ.

ದವಾಖಾನೆಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರ್, ಧಾರವಾಡದ ಹೆಣ್ಣುಮಗಳು. ಎಕ್ಸರೇ ಬೆಳಕಿಗೆ ಹಿಡಿದು ತೋರಿಸಿದರು.

"ನೋಡ್ರಿ ಅಜ್ಜಿ, ಒರಳಾಗ ಗುಂಡು ಸರಿಯಾಗಿ ಕೂಡಬೇಕಲ್ರಿ? ಇದರ ಟೊಂಕದ ಕೀಲು ಹಂಗ ಕೂಡವಲ್ತು. ಒರಳಿಗೆ ಆಳಿಲ್ಲ, ಗುಂಡು ಸಡಲ. ಹುಟ್ಟಾ ಇದ್ದದ್ದು, ಈಗ ಹೆಚ್ಚಾಗೇದ."

"ಹಂಗಾರ ಇನ್ನ ಅಡ್ಯಾಡಸೂದ ಬ್ಯಾಡೇನ್ರಿ?" ಎಂದಳು ಅವ್ವ.

"ಅಡ್ಯಾಡಸಲಿಲ್ಲಂದ್ರ ತೊಡಿ ಸೊರಗಿ ಕೀಲಿಗೆ ಆಸರಾನ ಹೋಗ್ತದ್ರಿ. ದಿನಾ ಅಡ್ಯಾಡಸ್ರಿ, ಆದ್ರ ಒಂದ ಸಲಕ್ಕ ಭಾಳ ಬ್ಯಾಡ. ಸ್ವಲ್ಪ ಸ್ವಲ್ಪ, ಮೂರ್ನಾಕ ಸಲ. ಹಗ್ಗಾ ಗಿಡ್ಡ ಹಿಡದು, ಸಾವಕಾಶ. ಸಪಾಟ ಮಣ್ಣಿನ ದಾರಿ ನೋಡ್ರಿ. ಮೆಟ್ಟಲಾ ಹತ್ತಸೋದು, ಚೆಂಡ ಒಗದು ಓಡಸೋದು, ಜಿಗಿಸೋದು ಏನೂ ಬ್ಯಾಡ. ಮನಿಗೆ ಬಂದ ಮ್ಯಾಲ ಕುಂಟಿದ್ರ ಮರುದಿನ ಕಡಿಮಿ ಮಾಡ್ರಿ. ಐತವಾರಕ್ಕೊಮ್ಮೆ ಊರೆಲ್ಲಾ ತಿರುಗಿಸಿ ವಾರೆಲ್ಲಾ ಮಲಗಸೋದಂತೂ ಬ್ಯಾಡೇ ಬ್ಯಾಡ. ನೀರಾಗ ನಡಸೋದು ಭಾಳ ಛಲೋ."

"ನಮ್ಮ ಓಣಿಗೆ ನೀರು ಬರೋದು ಬೀಗರು ಬಂದಂಗ್ರಿ, ಯಾವಾಗರ ಒಮ್ಮೆ," ಎಂದೆ ನಾನು.

"ಹಂಗಾದ್ರ ಮಣ್ಣಿನ ದಾರೀನ ಇರ್ಲಿ. ಮೊದಲ ತೂಕಾ ಇಳಸ್ರಿ. ದೀಪಾವಳಿ ತನಕಾ ನೋಡೋಣು. ಕೀಲು ಹಿಡಿತಕ್ಕ ಬಂತು, ಸರಿ. ಇಲ್ಲಾಂದ್ರ ಆಪರೇಶನ್ ಮಾಡಬೇಕಾಗ್ತದ. ಈ ಮೈಭಾರದಾಗ ಅದರ ಭರವಸಾ ನಾ ಕೊಡಂಗಿಲ್ಲ."

ನಾವು ಎದ್ದೆವು. ಡಾಕ್ಟರ್ ಮರ್ಯಾದೆಗೆಂದು ಕೈ ಮುಗಿದರು. ಮೇಜಿನ ಕೆಳಗೆ ನೋವಿನಿಂದ ಮಲಗಿದ್ದ ನಮ್ಮ ನಾಯಿ ತಡವರಿಸುತ್ತ, ನಡುಗುತ್ತ, ಹಿಂಗಾಲ ಮೇಲೆ ಎದ್ದು ನಿಂತು ಅವರಿಗೆ ಕೈ ಮುಗಿಯಿತು.

ಡಾಕ್ಟರ್ ಮುಗಿದ ಕೈ ತಟ್ಟನೆ ಇಳಿಸಿದರು. "ಇದನ್ನ ಯಾರು ಕಲಿಸ್ಯಾರ?"

"ನಾನಽ ರೀ," ಎಂದಳು ಅವ್ವ. ಅಷ್ಟು ದುಃಖದಲ್ಲೂ ಆ ಮಾತಿನಲ್ಲಿ ಒಂದು ಚೂರು ಹೆಮ್ಮೆ ಇತ್ತು.

"ಇದನ್ನ ಮೊದಲ ಬಿಡಸ್ರಿ ಅಜ್ಜಿ! ಎರಡ ಕಾಲ ಮ್ಯಾಲ ನಿಂತ್ರ ಇಡೀ ಮೈಭಾರ ಅದ ಕೀಲಿನ ಮ್ಯಾಲ ಬೀಳ್ತದ. ನಿಮ್ಮ ನಾಯಿ ಎಷ್ಟು ಉಡಾಳ ಆಗ್ತದೋ ಅದರ ಟೊಂಕಕ್ಕ ಅಷ್ಟು ಛಲೋ."

ಮಕ್ಕಳು, ಮೊಮ್ಮಕ್ಕಳು ಉಡಾಳರಾಗದಂತೆ ಜನ್ಮವಿಡೀ ಕಾದ ಹೆಣ್ಣುಮಗಳಿಗೆ ಆ ಚೀಟಿಯ ಔಷಧಿ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ.

ಮೊದಲು ನೆಲದ ವ್ಯವಸ್ಥೆ ಆಯಿತು. ಜಾರಬಾರದೆಂದು ಅಂಗಡಿಯಿಂದ ಖಾಲಿ ಗೋಣಿಚೀಲ ತರಿಸಿ ನಡುಮನೆಯ ತುಂಬ ಹಾಸಿದೆ. ಅವು ಬ್ಯಾಡಗಿ ಮೆಣಸಿನಕಾಯಿಯ ಚೀಲಗಳೆಂಬುದು ಫ್ಯಾನ್ ಹಾಕಿದ ಮೇಲೆ ತಿಳಿಯಿತು. ನಾಯಿ ಸೀನಿತು, ಅವ್ವ ಸೀನಿದಳು, ಊಟಕ್ಕೆ ಬಂದಿದ್ದ ನಮ್ಮ ಭಾವ ಸೀನುತ್ತಲೇ ಚಪ್ಪಲಿ ಮೆಟ್ಟಿದ. ಮರುದಿನ ಜೋಳದ ಚೀಲ ಬಂದವು. ಸಾಲ ಮಾಡಿ ಹಾಕಿಸಿದ ಗ್ರಾನೈಟ್ ಅದರಡಿಗೆ ಕಾಣದಾಯಿತು. ಹೆಂಡತಿ ಕೆಲವು ದಿನ ನನ್ನೊಂದಿಗೆ ಮಾತು ಬಿಟ್ಟಳು.

ತೂಕ ನೋಡಲು ಅದನ್ನು ಅಮರಗೋಳಕ್ಕೇ ಒಯ್ದೆ. ಮನೆಯ ತೂಕದ ಯಂತ್ರದ ಮೇಲೆ ಅದು ನಿಲ್ಲುತ್ತಿರಲಿಲ್ಲ, ಅಂಗಡಿಯ ಕಾಳು ತೂಗುವ ಕಾಟಾದ ಮೇಲೆ ಜಮೀನ್ದಾರರ ಹಾಗೆ ಕೂತಿತು. ಸುತ್ತ ಮಂದಿ ನೆರೆದರು. ಪಕ್ಕದ ಅಂಗಡಿಯ ಸಾವುಕಾರ ಮುಳ್ಳು ನೋಡಿ, "ಮಾಲು ಹಸಿ ಐತ್ರಿ, ಒಣಗಿಸಿ ತರ್ರಿ" ಎಂದ. ಅವತ್ತಿನಿಂದ ಬೆಣ್ಣೆ ನಿಂತಿತು. ರೊಟ್ಟಿ ಅರ್ಧವಾಯಿತು. ಬದಲಿಗೆ ಸೌತೆಕಾಯಿ ಬಂತು.

ಆದರೆ ತೂಕ ಇಳಿಯಲಿಲ್ಲ. ಕಾರಣ, ನಮ್ಮ ಕಡೆಯ ಪ್ರೀತಿ. ಯಾರಿಗಾದರೂ ಆರಾಮಿಲ್ಲವೆಂದರೆ ಮಾತಾಡಿಸಿ ಬರಬೇಕು, ಬರಿಗೈಯಲ್ಲಿ ಹೋಗಬಾರದು. ಇದು ಹುಬ್ಬಳ್ಳಿ-ಧಾರವಾಡದಲ್ಲಿ ಹುಟ್ಟಿದವರ ರಕ್ತದಲ್ಲಿದೆ. ನಾಯಿಗೆ ಟೊಂಕ ಹಿಡಿದ ಸುದ್ದಿ ಹರಡಿದ್ದೇ ತಡ, ಓಣಿಯ ಮಂದಿ ಬಿಸ್ಕೀಟಿನ ಪುಡಿಕೆ, ಬಾಳೆಹಣ್ಣು ಹಿಡಿದು ಬರತೊಡಗಿದರು. ಬಂದವರು ಕೈ ಮುಗಿದರು. ನಾಯಿ ಎದ್ದು ನಿಂತು ಕೈ ಮುಗಿಯಿತು. "ಅಯ್ಯಽ, ಬ್ಯಾನಿ ಇದ್ರೂ ಎಷ್ಟು ಮರ್ಯಾದಿ ನೋಡ್ರಿ!" ಎಂದು ಕಣ್ಣು ಒರೆಸಿಕೊಂಡು ಬಿಸ್ಕೀಟು ಕೊಟ್ಟರು. ಬೇಡವೆಂದರೆ, "ಇರ್ಲಿ ಬಿಡ್ರಿ, ಒಂದಽ ಒಂದು" ಎಂದರು. ಹತ್ತು ಮನೆಯ ಒಂದಽ ಒಂದು ಸೇರಿ ನಾಯಿ ಇನ್ನಷ್ಟು ದಪ್ಪವಾಯಿತು. ಹೀಗೆ ಒಂದು ಇಡೀ ಓಣಿ, ಒಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲದೆ, ಒಂದು ಪ್ರಾಣಿಯ ಟೊಂಕ ಮುರಿಯುವ ಕೆಲಸಕ್ಕೆ ನಿಂತಿತ್ತು.

ಒಂದು ಮಧ್ಯಾಹ್ನ ಮಾತಾಡಿಸಲು ಬಂದವರು ಹೋದ ಮೇಲೆ ನಾಯಿ ಮಲಗಲಾರದೆ ನಿಲ್ಲಲಾರದೆ ಗೋಣಿಚೀಲದ ಮೇಲೆ ಸುತ್ತುತ್ತಿತ್ತು. ಅವ್ವ ಅದನ್ನು ನೋಡುತ್ತ ನಿಂತಳು. "ಸಾಕು," ಎಂದಳು. "ಇವತ್ತಿನಿಂದ ಈ ಮನ್ಯಾಗ ಯಾರೂ ಕೈ ಮುಗೀಬಾರ್ದು."

"ದೇವರಿಗೆ?" ಎಂದಳು ನನ್ನ ಹೆಂಡತಿ.

"ಕದಾ ಹಾಕ್ಕೊಂಡು."

ಹಾಗೆ ನಮ್ಮ ಮನೆಯಲ್ಲಿ ಭಕ್ತಿ ಗುಟ್ಟಾಗಿ ನಡೆಯತೊಡಗಿತು. ಸೊಳ್ಳೆ ಕಚ್ಚಿದರೆ ಸುಮ್ಮನೆ ಕಚ್ಚಿಸಿಕೊಂಡೆವು. ನಾಯಿ ನಾಲ್ಕೂ ಕಾಲು ನೆಲಕ್ಕೂರಿ ಸುಮ್ಮನೆ ನಿಂತರೆ ಒಂದು ಚೂರು ಸೌತೆಕಾಯಿ ಕೊಡಬೇಕೆಂದು ಡಾಕ್ಟರ್ ಹೇಳಿಕೊಟ್ಟಿದ್ದರು. ಸುಮ್ಮನೆ ನಿಂತದ್ದಕ್ಕೂ ಬಹುಮಾನವೇ ಎಂದು ಅವ್ವನಿಗೆ ಮೊದಮೊದಲು ಅದು ಒಪ್ಪಲಿಲ್ಲ. ನಮ್ಮ ಎಷ್ಟೋ ಸನ್ಮಾನಗಳು ನಡೆಯುವುದು ಅದಕ್ಕೇ ಅಲ್ಲವೇ ಎಂದು ನಾನು ಸಮಾಧಾನ ಮಾಡಿದೆ.

ಮನೆಯೊಳಗೆ ಸಾಧಿಸಿದ್ದು ಬೀದಿಯಲ್ಲಿ ಕಷ್ಟವಾಯಿತು. ಅಡ್ಡಾಡಿಸುವ ಕೆಲಸವನ್ನು ಅವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಬಡಾವಣೆಯ ಹಿಂದೆ, ಇನ್ನೂ ಡಾಂಬರು ಕಾಣದ ಮಣ್ಣಿನ ದಾರಿ ಒಂದಿತ್ತು. ಮಹಾನಗರ ಪಾಲಿಕೆಯ ಉದಾಸೀನ ಮೊದಲ ಬಾರಿಗೆ ಒಬ್ಬರ ಉಪಯೋಗಕ್ಕೆ ಬಂತು. ಆದರೆ ಅಲ್ಲಿಗೆ ಹೋಗುವ ಮುನ್ನ ನಮ್ಮ ಓಣಿ ದಾಟಬೇಕು, ನಮ್ಮ ಓಣಿಯಲ್ಲಿ ಹಿರಿಯ ಹೆಣ್ಣುಮಗಳು ನಡೆದು ಹೋದರೆ ಪ್ರತಿ ಗೇಟಿನಲ್ಲೂ ಎರಡು ಕೈ ಮೇಲೇಳುತ್ತವೆ. ಅವ್ವ ಉಪಾಯ ಕಂಡುಹಿಡಿದಳು. ಯಾರ ಮುಖವನ್ನೂ ನೋಡದೆ, ಕತ್ತು ನೆಟ್ಟಗೆ ಮಾಡಿ, ನಾಯಿಯ ಹಗ್ಗ ಗಿಡ್ಡ ಹಿಡಿದು ನಡೆದುಬಿಡುವುದು. ಎದುರಿನವರ ಕಡೆ ನೋಡದಿದ್ದರೆ ಅವರು ಕೈ ಎತ್ತುವುದಿಲ್ಲ.

ವಾರದೊಳಗೆ ಅಜ್ಜಿಗೆ ಸೊಕ್ಕು ಬಂತೆಂದು ಸುದ್ದಿಯಾಯಿತು. ಮೊಮ್ಮಗಳಿಗೆ ಧಾರವಾಡದ ದೊಡ್ಡ ಮನೆತನ ಕೂಡಿ ಬರುತ್ತಿದೆ, ಅದಕ್ಕೇ ಕಣ್ಣು ನೆತ್ತಿಗೇರಿದೆ ಎಂದರು. ಪಕ್ಕದ ಮನೆಯ ನಿವೃತ್ತ ಮಾಸ್ತರರು ತಡೆಯಲಾರದೆ ಗೇಟಿಗೇ ಬಂದು ಕೇಳಿದರು.

"ವೈನಿ, ನಮ್ಮ ಮ್ಯಾಲ ಏನರ ಸಿಟ್ಟದ ಏನು? ನಮಸ್ಕಾರ ಇಲ್ಲ, ಚಮತ್ಕಾರ ಇಲ್ಲ."

"ಸಿಟ್ಟಲ್ರಿ ಮಾಸ್ತರ, ಇವನ ಟೊಂಕ. ಕೈ ಮುಗದ್ರ ಇಂವಾ ಏಳ್ತಾನ."

ಮಾಸ್ತರರು ನಾಯಿಯನ್ನು ನೋಡಿದರು, ಅವ್ವನನ್ನು ನೋಡಿದರು. "ನಾಯಿ ಸಲವಾಗಿ ಮನಷ್ಯಾರು ರೀತಿ ಬಿಡೂದೇನ್ರಿ?" ಎಂದರು.

ಅವ್ವ ನಾಯಿಯ ಹಗ್ಗ ಹಿಡಿದು ತಿರುಗಿದಳು. ಒಳಗೆ ಬಂದು ಬಹಳ ಹೊತ್ತು ಸೌತೆಕಾಯಿ ಹೆಚ್ಚಿದಳು. ಜನ್ಮದಲ್ಲಿ ಯಾರೂ ಆಕೆಗೆ ಸೊಕ್ಕಿನವಳು ಅಂದಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಮತ್ತೆ ಕತ್ತು ನೆಟ್ಟಗೆ ಮಾಡಿಕೊಂಡೇ ಹೊರಟಳು. ನಾಯಿ ಈಗ ದಾರಿಯಲ್ಲಿ ಕುಂಟುವುದು ಕಡಿಮೆಯಾಗಿತ್ತು.

ಧಾರವಾಡದ ಮನೆತನದ ಮಾತು ಸುಳ್ಳಲ್ಲ. ಹುಡುಗ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮಗಳೂ ಅವನೂ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಹುಡುಗನ ಅಜ್ಜ ಮತ್ತು ತಾಯಿ ಮನೆ ನೋಡಲು ಬರುವುದೊಂದು ಬಾಕಿ. ಹೆಂಡತಿ ದಿಗಿಲುಬಿದ್ದಳು. "ಅವರು ಧಾರವಾಡದವರು. ಮಾತು, ರೀತಿ ಎಲ್ಲಾ ತೂಗಿ ನೋಡ್ತಾರ. ಅವತ್ತೊಂದ ದಿನ ಈ ಚೀಲಾ ತಗೀರಿ."

"ಬೀಗರೇನು ನೆಲಾ ನೆಕ್ಕಾಕ ಬರಾಕತ್ತಾರೇನು?" ಎಂದಳು ಅವ್ವ.

"ನಾಯೀನರ ಹಿಂದಿನ ಕ್ವಾಣ್ಯಾಗ ಹಾಕೋಣ್ರಿ."

"ಹಾಕಿದ್ರ ಕದಕ್ಕ ಕಾಲ ಹಚ್ಚಿ ನಿಂದರತಾನ. ಅದೂ ಎರಡಽ ಕಾಲ ಮ್ಯಾಲ. ಇಷ್ಟು ದಿನಾ ಮಾಡಿದ್ದು ನೀರಾಗ ಹೋಗ್ತೈತಿ."

ಕೊನೆಗೆ ಒಂದು ಒಪ್ಪಂದವಾಯಿತು. ಬೀಗರು ಬಂದಾಗ ನಮ್ಮ ಪೈಕಿ ಎಲ್ಲರ ಎರಡೂ ಕೈಯಲ್ಲಿ ಏನಾದರೂ ಇರಬೇಕು. ಕೈ ತುಂಬಿದ್ದರೆ ಮುಗಿಯದಿದ್ದುದು ಅಮರ್ಯಾದೆ ಆಗುವುದಿಲ್ಲ. ನನ್ನ ಕೈಯಲ್ಲಿ ಹಣ್ಣಿನ ಬುಟ್ಟಿ, ಹೆಂಡತಿಯ ಕೈಯಲ್ಲಿ ನೀರಿನ ತಂಬಿಗೆ, ಮಗಳ ಕೈಯಲ್ಲಿ ಹೂವಿನ ತಟ್ಟೆ, ಅವ್ವನ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಸೌತೆಕಾಯಿಯ ಬಟ್ಟಲು. ನಾವು ಬಾಗಿಲಲ್ಲಿ ಸಾಲಾಗಿ ನಿಂತಾಗ ಯಾವುದೋ ಮೆರವಣಿಗೆ ಹೊರಡುವ ಹಾಗಿತ್ತು.

ಇಷ್ಟೆಲ್ಲ ಬುದ್ಧಿ ಓಡಿಸಿದ ನಾವು ಮರೆತದ್ದು ಒಂದೇ. ಬೀಗರಿಗೂ ಕೈ ಇರುತ್ತವೆ.

ಕಾರಿನಿಂದ ಹುಡುಗನ ಅಜ್ಜ ಸಾವಕಾಶ ಇಳಿದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಕೋಲು. ಗೇಟಿನ ಒಳಗೆ ಎರಡು ಹೆಜ್ಜೆ ಇಟ್ಟು, ಕೋಲನ್ನು ಬಗಲಲ್ಲಿ ಸಿಕ್ಕಿಸಿಕೊಂಡು, ಧಾರವಾಡದ ಎಲ್ಲ ಘನತೆಯನ್ನೂ ಎರಡು ಅಂಗೈಗೆ ತಂದು ಎದೆಯ ಮುಂದೆ ಕೂಡಿಸಿದರು. ಅವರ ಸೊಸೆ, ಅಂದರೆ ಹುಡುಗನ ತಾಯಿಯೂ ಕೂಡಿಸಿದರು.

ನಾಯಿಯ ಕಿವಿ ಎದ್ದವು. ಹಿಂದಿನ ಭಾಗ ಕೆಳಗಾಯಿತು, ಮುಂಗಾಲು ನೆಲ ಬಿಟ್ಟವು.

"ಕೈ ಇಳಸ್ರಿ!" ಎಂದು ಅವ್ವ ಕೂಗಿದಳು. "ಇಳಸ್ರಿ ಕೈ! ಲಗೂ!"

ಮಾರುಕಟ್ಟೆಯ ಮನೆತನದ ಗಂಟಲು ಅದು. ಓಣಿಯ ಆ ತುದಿಯವರೆಗೆ ಕೇಳಿತು. ಅಜ್ಜನ ಕೈ ತಮ್ಮಷ್ಟಕ್ಕೆ ಕೆಳಗಿಳಿದವು. ಕೋಲು ಬಗಲಿನಿಂದ ಜಾರಿ ಬಿತ್ತು. ಹುಡುಗನ ತಾಯಿಯ ಕೈ ಮಾತ್ರ ಅರ್ಧಕ್ಕೆ, ಏನನ್ನೋ ಅಳೆಯುವ ಹಾಗೆ ನಿಂತಿದ್ದವು. ನನ್ನ ಮಗಳು ಹೂವಿನ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ಅವ್ವ ಬಟ್ಟಲು ಬಿಟ್ಟು, ಬಗ್ಗಿ, ನಾಯಿಯ ಎದೆಗೆ ಕೈ ಕೊಟ್ಟು ಅದರ ಮುಂಗಾಲನ್ನು ಮೆಲ್ಲಗೆ ನೆಲಕ್ಕೆ ತಂದಿದ್ದಳು.

ಅಜ್ಜ ಗಂಟಲು ಸರಿಪಡಿಸಿಕೊಂಡರು. "ಬೀಗ್ತಿಯವರಽ, ನಮ್ಮ ಕೈಯಾಗ ಬಂದೂಕ ಏನರ ಕಂಡತೇನ್ರಿ?"

ಕ್ಷಮೆ ಕೇಳುವಳೆಂದು ನಾನು ಕಾದೆ. ಅವ್ವ ಕೇಳಲಿಲ್ಲ. ಬಿದ್ದ ಸೌತೆಕಾಯಿಯ ಚೂರು ಆರಿಸಿ ನಾಯಿಯ ಬಾಯಿಗಿಟ್ಟು ಎದ್ದು ನಿಂತು, "ತಪ್ಪ ತಿಳೀಬ್ಯಾಡ್ರಿ," ಎಂದಳು. "ಇವನ ಟೊಂಕದ ಕೀಲು ಸಡಲ ಐತ್ರಿ. ಕೈ ಮುಗದ್ರ ಎದ್ದು ನಿಂದರತಾನ, ನಿಂತ್ರ ಕೀಲು ಹೋಗ್ತೈತಿ. ಮನಿಗೆ ಬಂದವರಿಗೆ ಕೈ ಮುಗಿ ಅಂತ ಕಲಿಸಿದಾಕಿ ನಾನಽ. ಈಗ ಬಿಡಸಾಕತ್ತೇನಿ. ಸಂಬಂಧ ಬ್ಯಾಡ ಅನಸಿದ್ರ ಚಹಾ ಕುಡದು ಹೋಗ್ರಿ. ಇವನ ಮುಂದ ಮಾತ್ರ ಕೈ ಕೂಡಸಬ್ಯಾಡ್ರಿ."

ತಂಬಿಗೆಯ ನೀರು ಹೆಂಡತಿಯ ಕಾಲ ಮೇಲೆ ಸುರಿಯುತ್ತಿತ್ತು. ಆಕೆಗೆ ಅದು ತಿಳಿಯುತ್ತಿರಲಿಲ್ಲ.

ನಾನು ಕೋಲು ಎತ್ತಿಕೊಟ್ಟೆ. ಅಜ್ಜ ಗೋಣಿಚೀಲದ ಮೇಲೆ ನಡೆದು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಕಾಲಡಿಯ ಚೀಲವನ್ನು ಒಮ್ಮೆ ಪಾದದಿಂದ ತಿಕ್ಕಿ ನೋಡಿದರು. ಆಮೇಲೆ ಕೇಳಿದರು, "ಮೆಟ್ಟಲಾ ಹತ್ತಬಾರದಂತೇನು?"

"ಹತ್ತಬಾರದಂತ್ರಿ," ಎಂದಳು ಅವ್ವ.

"ಮತ್ತ ಅಡ್ಯಾಡೋದು?"

"ದಿನಾ ಬೇಕು. ಆದ್ರ ಸ್ವಲ್ಪ ಸ್ವಲ್ಪ. ಸಪಾಟ ಮಣ್ಣಿನ ಮ್ಯಾಲ, ಸಾವಕಾಶ."

ಅಜ್ಜ ಸೊಸೆಯ ಕಡೆ ತಿರುಗಿದರು. "ಕೇಳಿದೇನವಾ?" ಎಂದು, ಮತ್ತೆ ನಮ್ಮ ಕಡೆ ತಿರುಗಿ ಹೇಳಿದರು, "ನನಗೂ ಟೊಂಕಾನ ಬ್ಯಾನಿ ಇರೋದು. ನನ್ನ ಮಗಾ ಏನು ಮಾಡ್ಯಾನ್ರಿ ಅಂದ್ರ, ಮನ್ಯಾಗ ಓಡೋ ಮಷೀನ ತಂದು ಮ್ಯಾಲಿನ ಮಜಲಿನಾಗ ಇಟ್ಟಾನ. ಹತ್ತಿ ಹೋಗಿ ಓಡಬೇಕಂತ. ನೆಲಾ ಅಂತೂ ಹಿಂಗ ನುಣ್ಣಗ, ಬೆಣ್ಣಿ. ನಾನು ಗ್ವಾಡಿ ಹಿಡಕೊಂಡು ದೇವರ ಮನಿಗೆ ಹೋಗ್ತೇನಿ. ನಿಮ್ಮ ನಾಯೀಗಿರೋ ಕಿಮ್ಮತ್ತು ನಮಗ ನಮ್ಮ ಮನ್ಯಾಗ ಇಲ್ಲ ನೋಡ್ರಿ."

ಹುಡುಗನ ತಾಯಿ ಗೋಣಿಚೀಲವನ್ನು ನೋಡುತ್ತ ಕೂತರು. ನನ್ನ ಹೆಂಡತಿ ಲಗುಬಗೆಯಿಂದ ಉಪ್ಪಿಟ್ಟು ತಂದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಇಬ್ಬರು ಅತಿಥಿಗಳೂ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಮಚ ಗಟ್ಟಿಯಾಗಿ ಹಿಡಿದು ತಿಂದರು. ಅವರು ಮುಗಿಸುವಷ್ಟರಲ್ಲಿ ಅವ್ವ ಎದ್ದಳು. "ಇವನ ಅಡ್ಯಾಡೂ ಹೊತ್ತಾತ್ರಿ," ಎಂದಳು.

"ಮಾತುಕತಿ?" ಎಂದು ಹೆಂಡತಿ ನನ್ನ ಕಿವಿಯಲ್ಲಿ ಉಸುರಿದಳು. ಅಷ್ಟರಲ್ಲಿ ಅಜ್ಜನೂ ಕೋಲೂರಿ ಎದ್ದಿದ್ದರು. ನನ್ನ ಮಗಳ ಮದುವೆಯ ಮಾತುಕತೆ ಬಡಾವಣೆಯ ಹಿಂದಿನ ಮಣ್ಣಿನ ದಾರಿಯಲ್ಲಿ, ನಾಯಿಯ ವೇಗದಲ್ಲಿ ನಡೆಯಿತು. ಅದಕ್ಕೇ ಇರಬೇಕು, ಯಾರೂ ಜಗಳವಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಡಾಕ್ಟರ್ ಬಳಿ ಹೋದೆವು. ಅವರು ನಾಯಿಯ ತೊಡೆ ಒತ್ತಿ ನೋಡಿದರು, ಹಗ್ಗ ಹಿಡಿದು ಹಿತ್ತಲಲ್ಲಿ ನಡೆಸಿ ನೋಡಿದರು. ಒರಳು ಇದ್ದ ಹಾಗೆಯೇ ಇದೆ, ಅದು ಆಳವಾಗುವುದಿಲ್ಲ ಎಂದರು. ಆದರೆ ತೊಡೆಯಲ್ಲಿ ಬಲ ಬಂದಿದೆ, ಗುಂಡನ್ನು ಅದು ಹಿಡಿದಿಟ್ಟಿದೆ, ಆಪರೇಶನ್ ಈಗ ಬೇಕಿಲ್ಲ.

ಅವ್ವ ಉಸಿರು ಬಿಟ್ಟಳು. "ಹಂಗಾರ ಇನ್ನ ಮೊದಲಿನಂಗ ಇರಬಹುದೇನ್ರಿ?"

"ಇಲ್ಲ ಅಜ್ಜಿ. ಬಿಟ್ರ ಮತ್ತ ಸೊರಗ್ತದ. ಇದು ಇರೋ ತನಕಾ ಹಿಂಗ ನಡಸ್ರಿ."

ಮನೆಗೆ ಬರುವಾಗ ಅವ್ವ ಕಾರಿನಲ್ಲಿ ಹಿಂದೆ ಕೂತಿದ್ದಳು. ನಾಯಿಯ ತಲೆ ಆಕೆಯ ತೊಡೆಯ ಮೇಲಿತ್ತು. ಮನೆ ಹತ್ತಿರವಾದಾಗ ಹೇಳಿದಳು, "ಮದವಿ ದಿನಾ ಬಾಗಲದಾಗ ನೀ ನಿಂದರು."

ನಮ್ಮಲ್ಲಿ ಮದುವೆಯ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಕೈ ಮುಗಿದು ಬರಮಾಡಿಕೊಳ್ಳುವುದು ಮನೆಯ ಹಿರಿಯರ ಗೌರವ. ಮೊಮ್ಮಗಳ ಮದುವೆಯಲ್ಲಿ ಆ ಜಾಗದಲ್ಲಿ ನಿಲ್ಲಬೇಕೆಂದು ಅವ್ವ ಎಷ್ಟು ವರ್ಷದಿಂದ ಕಾದಿದ್ದಳೋ ನನಗೆ ಗೊತ್ತು. ನಾಯಿಯನ್ನು ಅವತ್ತೊಂದು ದಿನ ಯಾರ ಬಳಿಯಾದರೂ ಬಿಡೋಣ ಎಂದೆ. "ಹೊತ್ತಿಗೆ ಸರಿಯಾಗಿ ಯಾರು ಅಡ್ಯಾಡಸ್ತಾರ?" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಮದುವೆಯ ದಿನ ನಾನು ಬಾಗಿಲಲ್ಲಿ ನಿಂತು ಹುಬ್ಬಳ್ಳಿ, ಧಾರವಾಡ ಎರಡೂ ಊರಿನ ಮಂದಿಗೆ ಕೈ ಮುಗಿದೆ. ಮಾಸ್ತರರು ಬಂದು, "ವೈನಿ ಎಲ್ಲೆ?" ಎಂದು ಕೇಳಿದರು. ಕಲ್ಯಾಣ ಮಂಟಪದ ಹಿಂದಿನ ಮೈದಾನ ತೋರಿಸಿದೆ. ಅಲ್ಲಿ ಇಳಕಲ್ ಸೀರೆಯ ಸೆರಗನ್ನು ಟೊಂಕಕ್ಕೆ ಸಿಕ್ಕಿಸಿಕೊಂಡು ಅವ್ವ, ಆಕೆಯ ಒಂದು ಬದಿಗೆ ನಾಯಿ, ಇನ್ನೊಂದು ಬದಿಗೆ ಕೋಲೂರಿದ ಬೀಗರ ಅಜ್ಜ, ಮೂವರೂ ಮಣ್ಣಿನ ನೆಲದ ಮೇಲೆ ಸಾವಕಾಶ ನಡೆಯುತ್ತಿದ್ದರು. ವಧೂವರರ ಮೇಲೆ ಅಕ್ಕಿಕಾಳು ಹಾಕುವ ಹೊತ್ತು ಬಂತು, ಭಟ್ಟರು ಹಿರಿಯರನ್ನು ಕರೆಯಿರಿ ಎಂದರು, ನಾನೇ ಓಡಿ ಹೋದೆ.

"ಅವ್ವಾ, ಲಗೂ ಬಾ. ಎಲ್ಲಾರೂ ಕಾಯಾಕತ್ತಾರ."

ಅವ್ವ ಹೆಜ್ಜೆ ಜೋರು ಮಾಡಲಿಲ್ಲ. "ಇನ್ನೊಂದು ಸುತ್ತು ಉಳದೈತಿ," ಎಂದಳು. "ಕಾಯಾಕ ಹೇಳು."

ಕಾದರು.